ಟೇಕ್ ಕ್ರಿಯಾಪದಕ್ಕೆ ನಾನು ಬರೆಸಿದ ಇಪ್ಪತ್ತಾರು ಅರ್ಥಗಳು

ನನ್ನ ಹೊಟ್ಟೆಕಿಚ್ಚಿನ ಫಲವನ್ನು ಉಂಡವಳು ದಾಂಡೇಲಿಯ ಒಬ್ಬ ಹುಡುಗಿ. ಬಟ್ಟೆ ಅಂಗಡಿಯೊಂದರಲ್ಲಿ ಆಕೆ ಬೆಳಿಗ್ಗೆ ಹತ್ತರಿಂದ ಸಂಜೆ ಎಂಟರವರೆಗೆ ಇವತ್ತಿಗೂ ನಿಂತುಕೊಂಡೇ ಇರುತ್ತಾಳೆ. ನನಗೆ ಏನೂ ಆಗಲಿಲ್ಲ. ಹಳಿಯಾಳದ ಪೇಟೆಯಲ್ಲಿ ಕಂಡವರು ಈಗಲೂ ನಮಸ್ಕಾರ ಮಾಡುತ್ತಾರೆ, ಸಭೆಗಳಿಗೆ ಕರೆಯುತ್ತಾರೆ, ಕೈಗೆ ಮೈಕು ಕೊಡುತ್ತಾರೆ. ಪರರ ಅನ್ಯಾಯಗಳನ್ನು ಹೆಸರಿಟ್ಟು ಹೇಳುವುದು ನಾನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿರುವ ಕೆಲಸ. ನನ್ನದನ್ನು ಹೇಳುವಾಗ ದನಿ ತಗ್ಗಿಸಬಾರದು ಎಂಬ ಕಾರಣಕ್ಕೆ ಇದನ್ನು ಮೊದಲ ಸಾಲಿನಲ್ಲಿಯೇ ಬರೆದಿದ್ದೇನೆ.

ಹಳಿಯಾಳದ ಒಂದು ಸಣ್ಣ ವಾಚನಾಲಯದ ಹಿಂಬದಿಯ ಕೋಣೆಯಲ್ಲಿ ಪ್ರತಿ ಭಾನುವಾರ ಹತ್ತು ಗಂಟೆಗೆ ನಾನು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ ಶುರುವಾದ ತರಗತಿ ಇದು. ಬಸ್ ಚಾರ್ಜು ಎಲ್ಲಿಂದ ತರುವುದು ಎಂದು ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂಡಿಸುತ್ತಿದ್ದವರಿಗೆ ಆ ನೆಪ ತಪ್ಪಿಹೋಗಿತ್ತು. ದಾಂಡೇಲಿಯಿಂದ ನಾಲ್ವರು, ಜೋಯಿಡಾ ಕಡೆಯಿಂದ ಕೊಂಕಣಿ ಮಾತಾಡುವ ಒಬ್ಬಾಕೆ, ಉಳಿದವರು ಹಳಿಯಾಳ ಮತ್ತು ಸುತ್ತಲಿನ ಹಳ್ಳಿಗಳವರು. ಮೊದಲ ಆರು ತಿಂಗಳು ಆ ಕೋಣೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಆ ಆರು ತಿಂಗಳು ನನಗೆ ಎಷ್ಟು ಸುಖವಾಗಿದ್ದವು ಎಂಬುದು ಅವು ಮುಗಿದ ಮೇಲೆಯೇ ತಿಳಿಯಿತು.

ನನ್ನ ಇಂಗ್ಲಿಷ್ ಹೇಗೆ ಬಂತು ಎಂಬುದನ್ನು ಇಲ್ಲಿ ಹೇಳಬೇಕಾಗುತ್ತದೆ. ತಂದೆ ಬೆಳಗಾವಿ ಜಿಲ್ಲೆಯಿಂದ ದಾಂಡೇಲಿಗೆ ಬಂದು ಕಾರ್ಖಾನೆಯ ಪಾಳಿಗೆ ಹೋಗುತ್ತಿದ್ದವರು. ನಾನು ಕನ್ನಡ ಶಾಲೆಯಲ್ಲಿ ಓದಿದೆ. ಅಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಇತ್ತು. ವರ್ಷಗಟ್ಟಲೆ ಅದನ್ನು ತುಂಬದೆ ಬಿಟ್ಟದ್ದು ಒಂದು ಅನ್ಯಾಯ, ಆ ಹೊರೆಯನ್ನು ದೈಹಿಕ ಶಿಕ್ಷಣದ ಸರ್ ತಲೆಗೆ ಕಟ್ಟಿದ್ದು ಇನ್ನೊಂದು. ಅವರಿಗೆ ಬರುತ್ತಿದ್ದದ್ದು ಕವಾಯತು. ಆದ್ದರಿಂದ ಇಂಗ್ಲಿಷನ್ನೂ ಕವಾಯತಿನಂತೆ ಕಲಿಸಿದರು. ಪ್ರತಿ ಶಬ್ದದ ಅರ್ಥಗಳಿಗೆ ನಂಬರು ಹಾಕಿ ಬೋರ್ಡಿನ ಮೇಲೆ ಬರೆಯುವುದು, ನಾವು ಅದನ್ನು ವಹಿಯಲ್ಲಿ ಇಳಿಸಿಕೊಳ್ಳುವುದು, ಆಮೇಲೆ ಅವರು ಕೋಲು ಬಡಿದು ‘ಮೂರು!’ ಎಂದರೆ ನಾವೆಲ್ಲ ಒಂದೇ ದನಿಯಲ್ಲಿ ಮೂರನೆಯ ಅರ್ಥವನ್ನು ಕೂಗುವುದು. ಅವರು ಅರ್ಥ ಹೇಳಿದರೆ ನಾವು ನಂಬರು ಹೇಳಬೇಕು. ನಮ್ಮ ಕಡೆಯ ಎಷ್ಟೋ ಕನ್ನಡ ಶಾಲೆಗಳಲ್ಲಿ ಇದೇ ಪದ್ಧತಿ ನಡೆದಿತ್ತು. ಈ ವಯಸ್ಸಿನಲ್ಲಿಯೂ ನಾವು ಕೆಲವರು ಮದುವೆ ಮನೆಯಲ್ಲಿ ಸೇರಿದರೆ ಒಬ್ಬರು ನಂಬರು ಹೇಳುತ್ತಾರೆ, ಉಳಿದವರು ಅರ್ಥ ಹೇಳಿ ನಗುತ್ತಾರೆ.

ಅದೇ ಊರಿನಲ್ಲಿ ಕಾರ್ಖಾನೆಯ ಸಾಹೇಬರ ಮಕ್ಕಳು ತಮ್ಮ ಶಾಲೆಯ ಬಸ್ಸು ಇಳಿಯುವಾಗ ಒಬ್ಬರಿಗೊಬ್ಬರು ‘ಟೇಕ್ ಕೇರ್’ ಎಂದು ಶೇಂಗಾ ಎರಚಿದಷ್ಟು ಸಲೀಸಾಗಿ ಎರಚಿ ಹೋಗುತ್ತಿದ್ದರು. ನಾನು ರಸ್ತೆಯ ಈಚೆ ನಿಂತು ನೋಡುತ್ತಿದ್ದೆ. ಅವರ ಬೂಟು, ನೀರಿನ ಬಾಟಲಿ ಯಾವುದೂ ಬೇಕೆನಿಸಿರಲಿಲ್ಲ. ಆ ಸಲೀಸು ಬೇಕಿತ್ತು. ಮುಂದೆ ಧಾರವಾಡದಲ್ಲಿ ಓದಿದೆ, ಚಳವಳಿಯ ಗೆಳತಿಯರೊಂದಿಗೆ ಬೆಳೆದೆ, ಸಮಾನತೆಯ ಕುರಿತು ಗಂಟೆಗಟ್ಟಲೆ ಮಾತಾಡುವುದನ್ನು ಕಲಿತೆ. ಇಂಗ್ಲಿಷನ್ನು ಮಾತ್ರ ನಿಘಂಟಿನ ಪುಟಗಳನ್ನು ಉರು ಹೊಡೆದು, ಒಂದೊಂದೇ ಇಟ್ಟಿಗೆ ಹೊತ್ತು ಕಟ್ಟಿದೆ. ಆ ಗೋಡೆಯ ಮೇಲೆ ನನಗೆ ಎಷ್ಟು ಮಮತೆ ಇತ್ತೆಂದರೆ ಅದರ ಪಕ್ಕದಲ್ಲಿ ಬಾಗಿಲೊಂದು ಇರಬಹುದೆಂಬ ಮಾತನ್ನು ಸಹಿಸಲಾರದವಳಾಗಿದ್ದೆ.

ಏಳನೆಯ ತಿಂಗಳು ತೇರಗಾಂವದಿಂದ ಒಬ್ಬ ಹೆಂಗಸು ಬಂದರು. ನಲವತ್ತೈದರ ಸುಮಾರು. ಎಲ್ಲರೂ ಅವರನ್ನು ಮಾವಶಿ ಎಂದು ಕರೆಯತೊಡಗಿದರು. ನಮ್ಮ ಕಡೆ ಮರಾಠಿ ಬೆರೆತ ಮನೆಗಳಲ್ಲಿ ತಾಯಿಯ ತಂಗಿಗೆ ಹೇಳುವ ಮಾತು ಅದು. ಕನ್ನಡದಲ್ಲಿ ಏಳನೆಯ ತರಗತಿ ಓದಿದವರು. ಗೋವಾದ ಹೋಟೆಲೊಂದರಲ್ಲಿ ಹನ್ನೆರಡು ವರ್ಷ ಕೋಣೆ ಸ್ವಚ್ಛ ಮಾಡಿ, ಅತ್ತೆಗೆ ಪಾರ್ಶ್ವವಾಯು ಬಡಿದಾಗ ಊರಿಗೆ ಮರಳಿದ್ದರು. ಇಂಗ್ಲಿಷ್ ಅಕ್ಷರ ಓದಲು ಕಲಿಯಬೇಕೆಂದು ಬಂದೆ ಎಂದರು.

“ಮಾತಾಡ್ಲಿಕ್ಕೆ ಬರ್ತೈತ್ರಿ ಅಕ್ಕೋರ. ಓದಾಕಷ್ಟ ಬರಂಗಿಲ್ಲ. ಅಲ್ಲೆ ರಿಜಿಸ್ಟ್ರದಾಗ ಏನ್ ಬರದಾರ ಅಂತ ತಿಳಿಯದಂಗ ಹನ್ನೆರಡ ವರ್ಷ ಕನ್ನಡದಾಗ ಸಹಿ ಹಾಕಿದೆ.”

ಅನುಕಂಪ ತೋರಿಸುವವಳಂತೆ ಅವರನ್ನು ಮುಂದಿನ ಬೆಂಚಿನಲ್ಲಿ ಕೂಡಿಸಿದೆ. ಅದೇ ಭಾನುವಾರ ನಾನು ಟೇಕ್ ಕ್ರಿಯಾಪದವನ್ನು ಎತ್ತಿಕೊಂಡಿದ್ದೆ.

ಟೇಕ್‌ನಂಥ ಕ್ರಿಯಾಪದ ಕಲಿಯುವವರನ್ನು ದಣಿಸುತ್ತದೆ. ನಾವು ಬಸ್ಸು ಹಿಡಿಯುತ್ತೇವೆ, ಫೋಟೊ ತೆಗೆಯುತ್ತೇವೆ, ರಜೆ ಹಾಕುತ್ತೇವೆ, ಮಾತ್ರೆ ನುಂಗುತ್ತೇವೆ, ಪರೀಕ್ಷೆ ಬರೆಯುತ್ತೇವೆ, ಮನೆಯೊಳಗೆ ಹೋಗುವ ಮುನ್ನ ಚಪ್ಪಲಿ ಬಿಡುತ್ತೇವೆ, ಹೊಲಕ್ಕೆ ಬುತ್ತಿ ಒಯ್ಯುತ್ತೇವೆ, ತಾಯಿಯನ್ನು ದವಾಖಾನೆಗೆ ಕರೆದುಕೊಂಡು ಹೋಗುತ್ತೇವೆ, ಅದಕ್ಕೆ ಎರಡು ತಾಸು ಹಿಡಿಯುತ್ತದೆ. ಒಂದೊಂದಕ್ಕೂ ನಮ್ಮಲ್ಲಿ ಅದರದೇ ಕ್ರಿಯಾಪದ ಉಂಟು. ಇಂಗ್ಲಿಷಿನವರು ಈ ಎಲ್ಲ ಕಡೆಯೂ ಟೇಕನ್ನೇ ಮುಂದಕ್ಕೆ ತಳ್ಳುತ್ತಾರೆ. ಈ ಗೊಂದಲವನ್ನು ಬಿಡಿಸಲು ನಾನು ಎರಡು ವಾರ ನಿಘಂಟಿನೊಡನೆ ಕುಳಿತು ಇಪ್ಪತ್ತಾರು ಅರ್ಥಗಳ ಪಟ್ಟಿ ಸಿದ್ಧಪಡಿಸಿದ್ದೆ. ಒಂದು, ತೆಗೆದುಕೋ. ಎರಡು, ಹಿಡಿ. ಮೂರು, ಒಯ್ಯಿ. ನಾಲ್ಕು, ಕರೆದುಕೊಂಡು ಹೋಗು. ಹೀಗೆ ಬೋರ್ಡು ತುಂಬಿತು. ನಾನೂ ನಂಬರು ಕೂಗಿದೆ, ಅವರೂ ಅರ್ಥ ಕೂಗಿದರು. ಕೋಲು ಮಾತ್ರ ಇರಲಿಲ್ಲ. ಕೋಲನ್ನು ಬಿಟ್ಟಿದ್ದರಿಂದ ಪದ್ಧತಿಯನ್ನೂ ಬಿಟ್ಟಿದ್ದೇನೆಂದು ನಂಬಿಕೊಂಡಿದ್ದೆ.

ಹನ್ನೆರಡಕ್ಕೆ ತರಗತಿ ಮುಗಿಯಿತು. ದಾಂಡೇಲಿಯ ಬಸ್ಸಿಗೆ ಇನ್ನೂ ಸಮಯವಿತ್ತು. ನಾನು ಬೋರ್ಡು ಒರೆಸಿ ಹೊರಗೆ ಬರುವಷ್ಟರಲ್ಲಿ ವಾಚನಾಲಯದ ಮೆಟ್ಟಿಲುಗಳ ಮೇಲೆ ಎಲ್ಲರೂ ಕೂತಿದ್ದರು. ಮಾವಶಿಯ ಕೈಯಲ್ಲಿ ಸ್ಟೀಲಿನ ಲೋಟ.

“ಇದನ್ನ ಆಕೀಗೆ ಕೊಟ್ಟ ಬಾ. ಟೇಕ್ ಇಟ್ ಟು ಹರ್. ಹಾಂ. ಈಗ ಆಕಿ ಕಡೆಯಿಂದ ಇಸಕೊಂಡ ಬಾ. ಬ್ರಿಂಗ್ ಇಟ್ ಟು ಮಿ. ತಿಳೀತಿಲ್ಲೋ? ನನ್ನ ಕಡೆ ಬಂತಂದ್ರ ಬ್ರಿಂಗ್, ನನ್ನ ಬಿಟ್ಟ ಆಚೀಗೆ ಹೋತಂದ್ರ ಟೇಕ್. ತಾ ಮತ್ತ ಒಯ್ಯಿ. ಇಷ್ಟ ಐತಿ.”

“ಮತ್ತ ನನ್ನ ಗಂಡನ್ನ?” ಎಂದಳು ಜೋಯಿಡಾ ಕಡೆಯವಳು.

“ಅವನ್ನ ಎಲ್ಲಿಗರ ಟೇಕ್ ಮಾಡು, ವಾಪಸ್ ಬ್ರಿಂಗ್ ಮಾಡಬ್ಯಾಡ.”

ಮೆಟ್ಟಿಲುಗಳೆಲ್ಲ ನಕ್ಕವು. ಎರಡು ತಾಸು ನನ್ನ ಮುಂದೆ ತುಟಿ ಬಿಚ್ಚದ ಹೆಂಗಸರು ಅಲ್ಲಿ ಲೋಟವನ್ನು ಒಬ್ಬರಿಂದೊಬ್ಬರಿಗೆ ಒಯ್ಯುತ್ತ, ತರುತ್ತ, ಇಂಗ್ಲಿಷ್ ಮಾತಾಡುತ್ತಿದ್ದರು. ತಪ್ಪು ಮಾಡುತ್ತಿದ್ದರು, ಮತ್ತೆ ಆಡುತ್ತಿದ್ದರು. ಮಾವಶಿ ಯಾರಿಗೋ ‘ಟೇಕ್ ಯುವರ್ ಟೈಮ್’ ಎಂದರು. ಅದನ್ನು ಅವರು ಉಚ್ಚರಿಸಿದ ರೀತಿಯಲ್ಲಿ, ನಾನು ರಸ್ತೆಯ ಈಚೆ ನಿಂತು ಕೇಳುತ್ತಿದ್ದ ಆ ಸಲೀಸು ಇತ್ತು. ನಾನು ಹದಿನೈದು ವರ್ಷ ಹೊತ್ತು ಕಟ್ಟಿದ್ದನ್ನು ಈಕೆ ಹಾಸಿಗೆಯ ಚಾದರ ಬದಲಿಸುತ್ತ ಬದಲಿಸುತ್ತ ಪಡೆದುಕೊಂಡಿದ್ದರು.

“ಛಂದ ಹೇಳ್ತೀರಿ,” ಎಂದೆ.

ಮಾವಶಿ ಎದ್ದು ನಿಂತರು. “ಏನಿಲ್ರಿ. ಆ ‘ಟೇಕ್ ಯುವರ್ ಟೈಮ್’ ಮಾತು ಹನ್ನೆರಡ ವರ್ಷ ನಾ ಬ್ಯಾರೇದವ್ರಿಗೆ ಹೇಳೀನ್ರಿ. ನನಗೊಬ್ರೂ ಹೇಳ್ಳಿಲ್ಲ ನೋಡ್ರಿ.”

ಆ ಮಾತಿಗೆ ಕರಗಬೇಕಾಗಿತ್ತು. ಸಭೆಯಲ್ಲಿ ಕೇಳಿದ್ದರೆ ಕಣ್ಣೀರು ಹಾಕಿ, ಮರುದಿನದ ಭಾಷಣದಲ್ಲಿ ಬಳಸುತ್ತಿದ್ದೆ. ಅಲ್ಲಿ, ಆ ಮೆಟ್ಟಿಲ ಮೇಲೆ, ಇಷ್ಟು ಚೆನ್ನಾದ ಮಾತೂ ಅವರದೇ ಆಯಿತಲ್ಲ ಎಂದಷ್ಟೇ ಅನಿಸಿತು.

ಮುಂದಿನ ವಾರಗಳಲ್ಲಿ ನಾನು ಲೆಕ್ಕವಿಟ್ಟದ್ದು ಸಣ್ಣತನದ ಸಂಗತಿಗಳನ್ನು. ಯಾರು ಯಾರ ಪಕ್ಕ ಕೂತರು, ಯಾರ ಡಬ್ಬಿಯ ಚಟ್ನಿ ಯಾರ ಕೈಗೆ ಹೋಯಿತು, ವಾಟ್ಸಾಪ್ ಗುಂಪಿನಲ್ಲಿ ನನ್ನ ಪಾಠಕ್ಕೆ ಎಷ್ಟು ಹೆಬ್ಬೆರಳು ಬಂದವು, ಮಾವಶಿಯ ಧ್ವನಿ ಸಂದೇಶಕ್ಕೆ ಎಷ್ಟು. ತರಗತಿಯಲ್ಲಿ ಹೆಂಗಸರು ಗಡಿಯಾರ ನೋಡುತ್ತಿದ್ದರು. ಹನ್ನೆರಡಾಗಲೆಂದು, ಮೆಟ್ಟಿಲಿಗೆ ಹೋಗಲೆಂದು.

ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಆ ದಾಂಡೇಲಿಯ ಹುಡುಗಿ. ಇಪ್ಪತ್ತಮೂರು ವರ್ಷ. ಆಕೆಯ ಮನೆಯವರೂ ನಮ್ಮಂತೆ ಬೆಳಗಾವಿ ಕಡೆಯಿಂದ ಬಂದವರು. ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ. ಗಿರಾಕಿ ಇರಲಿ ಬಿಡಲಿ, ಕೆಲಸದ ಹೆಂಗಸರು ಕೂರಬಾರದು ಎಂಬುದು ಅಂಗಡಿಯ ಕಾನೂನು; ಅವರಿಗೆಂದು ಒಂದು ಸ್ಟೂಲೂ ಅಲ್ಲಿಲ್ಲ. ಇದು ಅನ್ಯಾಯ. ಅವಳ ಮೀನಖಂಡದಲ್ಲಿ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು. ಡಾಕ್ಟರು ನಿಲ್ಲುವುದನ್ನು ಬಿಡು ಎಂದಿದ್ದರು. ಕಾಳಿ ನದಿಯ ದಂಡೆಯ ರೆಸಾರ್ಟೊಂದರಲ್ಲಿ ಸ್ವಾಗತದ ಮೇಜಿಗೆ ಒಬ್ಬಳು ಬೇಕಾಗಿದ್ದಳು. ಮೇಜಿನ ಹಿಂದೆ ಒಂದು ಕುರ್ಚಿ ಇತ್ತು. ಆಕೆಗೆ ಬೇಕಾಗಿದ್ದದ್ದು ಆ ಕುರ್ಚಿ.

“ಒಂದ ತಿಂಗಳ ಐತ್ರಿ ಮಾವಶಿ ಸಂದರ್ಶನಕ್ಕ. ನೀವು ಗೆಸ್ಟ್ ಆಗ್ರಿ, ನಾ ಮೇಜಿನ್ಯಾಗ ಕುಂತಾಕಿ ಆಗ್ತೇನಿ,” ಎಂದು ಆಕೆ ಹೇಳುವುದನ್ನು ನಾನು ಕಿಟಕಿಯ ಒಳಗಿನಿಂದ ಕೇಳಿದೆ. ನನ್ನನ್ನು ಕೇಳಿರಲಿಲ್ಲ. ಸಂದರ್ಶನ ಇರುವ ಸುದ್ದಿಯೂ ನನಗೆ ಕಿಟಕಿಯಿಂದಲೇ ಬಂದಿತ್ತು. ಎರಡು ಭಾನುವಾರ ಆ ಆಟ ನಡೆಯಿತು. ಮಾವಶಿ ಸಿಟ್ಟಿನ ಅತಿಥಿಯಾದರು, ಕಿವಿ ಕೇಳದ ಅತಿಥಿಯಾದರು, ಮಗು ಕಳೆದುಕೊಂಡ ಅತಿಥಿಯಾದರು. ಹುಡುಗಿ ತಡವರಿಸುತ್ತ, ಆಮೇಲೆ ತಡವರಿಸದೆ, ಉತ್ತರ ಕೊಡುತ್ತಿದ್ದಳು.

ಎರಡನೆಯ ಭಾನುವಾರದ ಮರುದಿನ ನಾನು ವಾಚನಾಲಯದ ಸಮಿತಿಗೆ ಪತ್ರ ಬರೆದೆ. ಕನ್ನಡ ನನ್ನ ಕೈಯಲ್ಲಿ ವಿಧೇಯವಾಗಿದೆ, ಪತ್ರ ಚೆನ್ನಾಗಿ ಬಂತು. ಕಲಿಕೆಯ ಗುಣಮಟ್ಟ, ಸಂಸ್ಥೆಯ ಶಿಸ್ತು, ಅರ್ಹತೆ ಇಲ್ಲದವರಿಂದ ಬಡ ಹೆಣ್ಣುಮಕ್ಕಳಿಗೆ ಆಗಬಹುದಾದ ವಂಚನೆ ಎಲ್ಲವೂ ಅದರಲ್ಲಿದ್ದವು. ಪ್ರಮಾಣಪತ್ರ ಇಲ್ಲದ ಯಾರೂ ವಾಚನಾಲಯದ ಆವರಣದಲ್ಲಿ ಪಾಠ ಹೇಳಬಾರದು, ತರಗತಿ ಮುಗಿದ ಕೂಡಲೇ ಗೇಟಿಗೆ ಕೀಲಿ ಹಾಕಬೇಕು ಎಂದು ವಿನಂತಿಸಿದೆ. ಪತ್ರದಲ್ಲಿ ಯಾರ ಹೆಸರೂ ಇರಲಿಲ್ಲ. ತತ್ತ್ವದ ಮಾತಿನಲ್ಲಿ ಸುತ್ತಿ ಕೊಟ್ಟಿದ್ದರಿಂದ ಅದು ನನಗೇ ನ್ಯಾಯವೆಂಬಂತೆ ಕಂಡಿತು. ಇಂಥ ಪತ್ರವನ್ನು ಬೇರೆ ಯಾರಾದರೂ ಬರೆದಿದ್ದರೆ ಗೇಟಿನ ಮುಂದೆ ಧರಣಿ ಕೂರಲು ನಾನೇ ಮೊದಲು ಬರುತ್ತಿದ್ದೆ.

ಸಮಿತಿಯವರು ಮೂರೇ ದಿನಗಳಲ್ಲಿ ಠರಾವು ಮಾಡಿ, ಪತ್ರದ ಪ್ರತಿಯನ್ನೂ ಠರಾವನ್ನೂ ನೋಟಿಸು ಬೋರ್ಡಿಗೆ ಹಚ್ಚಿದರು. ಭಾನುವಾರ ಮಾವಶಿ ಅದರ ಮುಂದೆ ನಿಂತು ಕೊನೆಯ ಸಾಲಿನವರೆಗೆ ಓದಿದರು. ಕನ್ನಡ ಓದಲು ಅವರಿಗೆ ಚೆನ್ನಾಗಿ ಬರುತ್ತಿತ್ತು.

“ನಿಮ್ಮ ಅಕ್ಷರ ಭಾಳ ದುಂಡಗ ಅದಾವ್ರಿ ಅಕ್ಕೋರ,” ಎಂದರು.

ಆ ದಿನದ ತರಗತಿಗೆ ಕೂರದೆ ಹೊರಟರು, ಮತ್ತೆ ಬರಲಿಲ್ಲ. ಹನ್ನೆರಡಕ್ಕೆ ಗೇಟಿಗೆ ಕೀಲಿ ಬಿತ್ತು. ಹೆಂಗಸರು ಬಸ್ ನಿಲ್ದಾಣಕ್ಕೆ ಹೋಗಿ ನಿಂತರು. ಹುಡುಗಿ ನನ್ನ ಹತ್ತಿರ ಬಂದು, ಇನ್ನು ಎರಡೇ ವಾರ ಉಳಿದಿದೆ, ಏನು ಓದಲಿ ಎಂದು ಕೇಳಿದಳು. ಆಕೆ ಕೊನೆಗೂ ನನ್ನನ್ನೇ ಕೇಳಿದಳೆಂದು ನನಗೆ ಹಿಗ್ಗಾಯಿತು. ನನ್ನ ಪಟ್ಟಿಯ ಝೆರಾಕ್ಸ್ ಕೊಟ್ಟು, ಇಪ್ಪತ್ತಾರನ್ನೂ ಬಾಯಿಪಾಠ ಮಾಡು ಎಂದೆ. ಎರಡೂ ವಾರ ಫೋನಿನಲ್ಲಿ ನಂಬರು ಕೇಳಿದೆ. ಒಂದೂ ತಪ್ಪಲಿಲ್ಲ.

ಸಂದರ್ಶನ ಮುಗಿದ ಮೇಲೆ ಆಕೆ ತರಗತಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾನು ದಾಂಡೇಲಿಗೆ ಹೋಗಿ ಅಂಗಡಿಯಲ್ಲಿ ಕಂಡೆ. ಮಾಲಕರು ಹಣದ ಗಲ್ಲೆಯಲ್ಲಿ ಕೂತು ನೋಡುತ್ತಿದ್ದುದರಿಂದ ನಾನು ಗಿರಾಕಿಯಂತೆ ಮುಂದೆ ಕೂತೆ, ಆಕೆ ನಿಂತು ಸೀರೆ ಬಿಚ್ಚುತ್ತ ಮಾತಾಡಿದಳು.

“ಮೂರ ಮಂದಿ ಇದ್ರು. ಗೆಸ್ಟ್ ಬಂದಾರ ಅಂತ ತಿಳ್ಕೊ ಅಂದ್ರು. ‘ಕ್ಯಾನ್ ಯು ಟೇಕ್ ಅಸ್ ಟು ದ ರಿವರ್’ ಅಂತ ಕೇಳಿದ್ರು. ಟೇಕ್ ಅಂದಕೂಡ್ಲೆ ನಿಮ್ಮ ಪಟ್ಟಿ ಕಣ್ಣ ಮುಂದ ಬಂತ್ರಿ. ಕರಕೊಂಡ ಹೋಗೂದು. ‘ನಂಬರ್ ಫೋರ್, ಸರ್’ ಅಂದೆ.”

“ಆಮೇಲೆ?”

“ನಕ್ರು. ಯಾಕ ನಗಾಕತ್ತಾರ ಅಂತ ತಿಳೀಲಿಲ್ರಿ. ತಪ್ಪಾತೇನೋ ಅಂತ ‘ನಂಬರ್ ತ್ರೀ’ ಅಂದೆ. ಮತ್ತಷ್ಟ ನಕ್ರು.” ಆಕೆ ಸೆರಗನ್ನು ನನ್ನ ಮುಂದೆ ಹರಡಿದಳು. “ಮಾವಶಿ ಜೋಡಿ ಇದನ್ನ ಹೇಳಿದ್ನಿರಿ ನಾ. ‘ಯೆಸ್ ಸರ್, ಪ್ಲೀಸ್ ಕಮ್’ ಅಂತ ಎದ್ದ ನಿಂತು ಕೈ ತೋರ್ಸೂದು. ಎದ್ದ ನಿಂದ್ರೂದ ಮರ್ತೆ. ಕುರ್ಚಿ ಮ್ಯಾಲೆ ಕುಂತಿದ್ನಲ್ಲ, ಅದಕ್ಕಿರಬೇಕು.”

ನಗುವುದಕ್ಕೆ ನೋಡಿದಳು, ಆಗಲಿಲ್ಲ.

“ಕಡೀಕೆ ಅವರು ಕನ್ನಡದಾಗ ಹೇಳಿದ್ರು, ‘ಹೋಗಿ ಬಾ ತಂಗಿ, ಇನ್ನೂ ಕಲೀಬೇಕು’ ಅಂತ. ಎಷ್ಟ ಛಲೋ ಕನ್ನಡ ಅಂತೀರಿ ಅವರದು. ಅಲ್ಲೆ ಬಂದ ಗೆಸ್ಟೂ ಹುಬ್ಬಳ್ಳಿಯವ್ರ ಇದ್ರು, ಹೊರಗ ನಮ್ಮಂಗ ಮಾತಾಡಾಕತ್ತಿದ್ರು.”

ಗಲ್ಲೆಯಿಂದ ಕೆಮ್ಮು ಕೇಳಿತು. ಆಕೆ ಸೀರೆ ಮಡಚತೊಡಗಿದಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ಮಡಚಿದಳು. ನಾನು ಕೂತೇ ಇದ್ದೆ.

ಆಕೆಯನ್ನು ನಕ್ಕು ಕಳಿಸಿದ ಮೂವರ ಮೇಲೆ ನನಗೆ ಸಿಟ್ಟಿದೆ, ಹುಬ್ಬಳ್ಳಿಯ ಅತಿಥಿಗಳನ್ನು ಬರಮಾಡಿಕೊಳ್ಳಲು ಕನ್ನಡದ ಹುಡುಗಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟ ನಿಯಮದ ಮೇಲೆಯೂ ಸಿಟ್ಟಿದೆ. ಆದರೆ ಆ ಪರೀಕ್ಷೆಯನ್ನು ದಾಟುವ ದಾರಿ ಆಕೆಗೆ ಸಿಕ್ಕಿತ್ತು, ಅದಕ್ಕೆ ಕೀಲಿ ಹಾಕಿಸಿದವಳು ನಾನು.

ತೇರಗಾಂವಕ್ಕೆ ಹೋಗಿ ಮಾವಶಿಯನ್ನು ಕಂಡೆ. ಅತ್ತೆಗೆ ಚಮಚದಿಂದ ಗಂಜಿ ಕುಡಿಸುತ್ತಿದ್ದರು. ಆ ಪತ್ರವನ್ನು ಹೊಟ್ಟೆಕಿಚ್ಚಿನಿಂದ ಬರೆದೆ ಎಂದು ನೇರವಾಗಿ ಹೇಳಿದೆ. ಅವರು ಅತ್ತೆಯ ಗದ್ದ ಒರೆಸಿದರು.

“ಗೊತ್ತಿತ್ರಿ.”

“ನೀವು ತಿರುಗಿ ಬರಬೇಕು.”

“ಕೀಲಿ ನೀವ ಹಾಕಿಸೀರಿ, ನೀವ ತಗಸ್ರಿ. ಆಮ್ಯಾಲೆ ಬರ್ತೇನಿ. ಕೀಲಿ ಇರೂತನಾ ನನ್ನ ಕರೀಲಾಕ ಬರಬ್ಯಾಡ್ರಿ.” ಇನ್ನೊಂದು ಚಮಚ ಗಂಜಿ ಕುಡಿಸಿ, “ಆ ಹುಡುಗೀದು ಕಾಲ ಹೆಂಗ ಅದಾವು?” ಎಂದು ಕೇಳಿದರು.

ಅಲ್ಲಿಯೂ, ಆ ಗಂಜಿಯ ಬಟ್ಟಲಿನ ಎದುರೂ, ಆ ಪ್ರಶ್ನೆಯನ್ನು ನನಗಿಂತ ಮೊದಲು ಅವರು ಕೇಳಿದರಲ್ಲ ಎಂದು ಒಳಗೆ ಚುಚ್ಚಿತು. ಇದು ಇನ್ನೂ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಸಮಿತಿಯ ಅಧ್ಯಕ್ಷರ ಬಳಿ ಹೋಗಿ ಠರಾವನ್ನು ರದ್ದು ಮಾಡಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ಬರದವರು ನೀವ ಅಲ್ರಿ? ಗುಣಮಟ್ಟ ಅಂದ್ರಿ, ಶಿಸ್ತ ಅಂದ್ರಿ. ನಾವು ಸಹಿ ಮಾಡಿದ್ವಿ. ಈಗ ನೀವ ಬಂದು ಬ್ಯಾಡ ಅಂತೀರಿ. ನಿಮ್ಮ ಮಾತಿಗೆ ಗೇಟ ತಗಿಯೂದು, ನಿಮ್ಮ ಮಾತಿಗೆ ಹಾಕೂದು, ಇದೇನ್ ಮನಿ ಬಾಗ್ಲೇನ್ರಿ? ಆಕೀಗೆ ಒಂದ ಸರ್ಟಿಫಿಕೇಟ ತರಾಕ ಹೇಳ್ರಿ, ಮುಗೀತು.”

ಹನ್ನೆರಡು ವರ್ಷ ಚಾದರ ಬದಲಿಸಿದ್ದಕ್ಕೆ ಯಾವ ವಿಶ್ವವಿದ್ಯಾಲಯ ಪ್ರಮಾಣಪತ್ರ ಕೊಡುತ್ತದೆ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಪೇಪರು ಬಿಡಿಸಿದರು.

ಆದ್ದರಿಂದ ಈ ಮಾತನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ವಾಚನಾಲಯದ ಸಮಿತಿಯ ಸದಸ್ಯರೇ, ನಿಮ್ಮ ಠರಾವಿಗೆ ಆಧಾರವಾದ ಪತ್ರ ದುರುದ್ದೇಶದಿಂದ ಬರೆದದ್ದೆಂದು ಬರೆದವಳೇ ಒಪ್ಪಿದ್ದಾಳೆ. ಬರುವ ಸಭೆಯಲ್ಲಿ ಅದನ್ನು ರದ್ದುಪಡಿಸಿ. ಭಾನುವಾರ ದಾಂಡೇಲಿಯ ಬಸ್ಸು ಹೊರಡುವವರೆಗೆ ಗೇಟು ತೆರೆದಿಡಿ. ತೇರಗಾಂವದ ಆ ಹೆಂಗಸನ್ನು ಮಾತಿನ ತರಗತಿಯ ಶಿಕ್ಷಕಿಯೆಂದು ಯಾವ ಪ್ರಮಾಣಪತ್ರವನ್ನೂ ಕೇಳದೆ ನೇಮಿಸಿ, ನನ್ನ ಪತ್ರ ಹಚ್ಚಿದ ಬೋರ್ಡಿಗೇ ಆ ನೇಮಕದ ಕಾಗದವನ್ನು ಹಚ್ಚಿ. ಅವರಿಗೆ ಇಂಗ್ಲಿಷ್ ಅಕ್ಷರ ಕಲಿಸುವ ಕೆಲಸ ನನ್ನದು, ಅದನ್ನು ಮಾಡುತ್ತೇನೆ. ನದಿಯ ದಂಡೆಯ ರೆಸಾರ್ಟಿನವರೇ, ಸ್ವಾಗತದ ಆ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ ಎಂದು ತಿಳಿದುಬಂದಿದೆ. ನೀವು ನಕ್ಕು ಕಳಿಸಿದ ಹುಡುಗಿಯನ್ನು ಈ ತಿಂಗಳೊಳಗೆ ಮತ್ತೊಮ್ಮೆ ಕರೆಸಿ, ನಿಮ್ಮ ಅತಿಥಿಗಳು ನಿಜವಾಗಿ ಆಡುವ ಭಾಷೆಯಲ್ಲಿ ಪ್ರಶ್ನೆ ಕೇಳಿ, ಆಕೆಯ ಉತ್ತರ ಮುಗಿಯುವವರೆಗೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ.